ಕಣ್ಣಾರೆ ಕಂಡ ಮಾತು

ಹೋದ ತಿಂಗಳು ಒಂದು ವಾರಸಾ ಅರ್ಜಿಗೆ ಅಜ್ಜಿಯೊಬ್ಬರ ಹೆಬ್ಬೆಟ್ಟು ಹಾಕಿಸಿಕೊಂಡು ಬರಲು ಸುಳ್ಳ ಎಂಬ ಹಳ್ಳಿಗೆ ಹೋಗಿದ್ದೆ. ಪಡಸಾಲೆಯಲ್ಲಿ ಒಟ್ಟಿದ್ದ ಸೋಯಾಬೀನ್ ಚೀಲಗಳು ಸೋರುವ ಮಾಳಿಗೆಯ ಕೆಳಗೆ ನಾಲ್ಕು ದಿನ ತೊಯ್ದಿದ್ದವು. ಒಳಗಿನ ಕಾಳು ಕೊಳೆತು, ಹುಳಿ ಬಂದು, ಮನೆತುಂಬ ಒಂದು ಗಾಢವಾದ ವಾಸನೆ ಹಿಡಿದಿತ್ತು. "ಭಾಳ ನಾತ ಐತ್ರಿ ಸರ, ಹೊರಗ ಕುಂದರ್ರಿ" ಎಂದು ಆ ಮನೆಯ ಸೊಸೆ ಸಂಕೋಚದಿಂದ ಕುರ್ಚಿ ತಂದು ಅಂಗಳದಲ್ಲಿ ಹಾಕಿದಳು. ನಾನು ಕುರ್ಚಿಯವರೆಗೂ ಹೋಗಲಿಲ್ಲ. ಮೂಲೆಯ ಗೋಡೆ ಹಿಡಿದುಕೊಂಡು ವಾಂತಿ ಮಾಡಿಕೊಂಡೆ. ಆಕೆ ತಂಬಿಗೆಯಲ್ಲಿ ನೀರು ತಂದುಕೊಟ್ಟು, ತಪ್ಪೆಲ್ಲ ತನ್ನದೇ ಎಂಬಂತೆ ತಲೆ ತಗ್ಗಿಸಿ ನಿಂತಳು. ನನ್ನ ವಾಂತಿಗೆ ಅವರ ಕಾಳು ಕಾರಣವಲ್ಲ ಎಂದು ಆಕೆಗೆ ಹೇಗೆ ಹೇಳಲಿ? ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದಲ್ಲಿ ಅಂಥದೇ ವಾಸನೆ ನಮ್ಮ ಮನೆಯ ಮೆಟ್ಟಿಲ ಮೇಲೆ ಇರುತ್ತಿತ್ತು. ಆಗ ನಾನು ಮಾಡಿದ್ದು ಕಣ್ಣ ಮುಂದೆ ಬಂದು, ನನ್ನ ಮೇಲೆ ನನಗೇ ಹೇಸಿಗೆ ಉಕ್ಕಿತ್ತು.

ಧಾರವಾಡದ ಕೋರ್ಟಿನ ಎದುರು ನನ್ನದೊಂದು ಟೈಪಿಂಗ್ ಅಂಗಡಿ. ಅರ್ಜಿ, ಅಫಿಡವಿಟ್ಟು, ಕರಾರು ಪತ್ರ ಬೆರಳಚ್ಚು ಮಾಡಿಕೊಡುವುದು ಇಪ್ಪತ್ತು ವರ್ಷದಿಂದ ನನ್ನ ಕೆಲಸ. ಪ್ರತಿ ಅಫಿಡವಿಟ್ಟಿನ ಕೊನೆಗೆ ಒಂದು ಸಾಲು ಬರುತ್ತದೆ: ಮೇಲೆ ಹೇಳಿದ ಸಂಗತಿಗಳೆಲ್ಲ ನನಗೆ ತಿಳಿದ ಮತ್ತು ನಾನು ನಂಬಿದ ಮಟ್ಟಿಗೆ ಸತ್ಯವಾಗಿವೆ. ಆ ಸಾಲನ್ನು ಕಂಪ್ಯೂಟರಿನಲ್ಲಿ ಒಂದು ಕಡೆ ಇಟ್ಟುಕೊಂಡಿದ್ದೇನೆ. ಬೇಕಾದಾಗ ತಂದು ಅಂಟಿಸುತ್ತೇನೆ. ಅದನ್ನು ನಾನು ಓದುವುದಿಲ್ಲ, ಸಹಿ ಮಾಡುವವರೂ ಓದುವುದಿಲ್ಲ.

ಓದಿದವಳು ಮೊದುಪೆ ಒಬ್ಬಳೇ. ಆ ವರ್ಷ ಜೂನಿನಲ್ಲಿ ಮಿರಗ ಮಳೆ ಹಿಡಿದ ವಾರ ಯಾವುದೋ ಕಾಗದ ಮಾಡಿಸಲು ಅಂಗಡಿಗೆ ಬಂದಿದ್ದಳು. ನೈಜೀರಿಯಾದ ಇಬಾದಾನ್ ಎಂಬ ಊರಿನವಳು, ಯೊರುಬಾ ಜನ. ಅಲಸಂದಿ ಬೆಳೆಯ ಮೇಲೆ ಸಂಶೋಧನೆ ಮಾಡಲು ಧಾರವಾಡದ ಕೃಷಿ ಕಾಲೇಜಿಗೆ ಬಂದು ಒಂದು ವರ್ಷವಾಗಿತ್ತು. ಸಂಜೆ ತರಗತಿಯಲ್ಲಿ ಕಲಿತ ಪುಸ್ತಕದ ಕನ್ನಡ ಮಾತಾಡುತ್ತಿದ್ದಳು. ನಾನು ಅಚ್ಚು ಮಾಡಿಕೊಟ್ಟ ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

"ತಿಳಿದ, ನಂಬಿದ. ಇವು ಎರಡು ಬೇರೆ ಬೇರೆ ಅಲ್ಲವಾ? ಒಂದೇ ಸಾಲಿನಲ್ಲಿ ಯಾಕೆ ಹಾಕಿದಿರಿ?"

"ಎಲ್ಲಾರೂ ಹಂಗ ಹಾಕ್ತಾರ್ರಿ" ಎಂದೆ.

ಆಕೆ ನಕ್ಕು ಸಹಿ ಮಾಡಿದಳು. ಹೋಗುವಾಗ, ತನ್ನ ಪ್ರಯೋಗದ ಹೊಲಕ್ಕೆ ಹತ್ತಿರವಾಗುವ ಹಾಗೆ ಎಲ್ಲಾದರೂ ಒಂದು ಖೋಲಿ ಇದೆಯೇ ಎಂದು ಕೇಳಿದಳು. ನಮ್ಮ ಮನೆಯ ಮೇಲಿನ ಖೋಲಿ ಖಾಲಿ ಇತ್ತು. ನಾವು ಲಿಂಗವಂತರು, ಮನೆಯಲ್ಲಿ ಮಾಂಸ ನಡೆಯುವುದಿಲ್ಲ ಎಂದು ಮೊದಲೇ ಹೇಳಿದೆ. "ಮನೆಯಲ್ಲಿ ಮಾಡುವುದಿಲ್ಲ" ಎಂದಳು. ಅಷ್ಟೇ ಮಾತು. ಆ ಮಾತನ್ನು ಆಕೆ ಒಂದು ದಿನವೂ ಮುರಿಯಲಿಲ್ಲ. ಅವಳ ಎರಡು ಸೂಟ್‌ಕೇಸುಗಳನ್ನು ಜಿಟಿಜಿಟಿ ಮಳೆಯಲ್ಲಿ ನಾನೇ ಹೊತ್ತು ಮೇಲೆ ಇಟ್ಟು ಬಂದೆ.

ನನ್ನ ಹೆಂಡತಿ ಶಾರದಾಳಿಗೂ ಆಕೆಗೂ ವಾರದೊಳಗೆ ಗೆಳೆತನವಾಯಿತು. ನನ್ನನ್ನು ಅಣ್ಣಾ ಎಂದೂ ಶಾರದಾಳನ್ನು ವೈನಿ ಎಂದೂ ಕರೆಯಲು ಕಲಿತಳು. ಒಂದು ರವಿವಾರ ಅಲಸಂದಿ ನೆನೆಹಾಕಿ, ಸಿಪ್ಪೆ ತೆಗೆದು, ರುಬ್ಬಿ, ಎಣ್ಣೆಯಲ್ಲಿ ಕರಿದು ತಂದಳು. ಅಕಾರಾ ಎಂದಳು.

"ಅಯ್ಯ, ಇದು ನಮ್ಮ ಅಲಸಂದಿ ವಡೀನ ಐತೆಲ್ಲ! ಶುಂಠಿ, ಕರಿಬೇವು ಹಾಕಿಲ್ಲ, ಅಷ್ಟ" ಎಂದು ಶಾರದಾ ಎರಡು ಹೆಚ್ಚಿಗೆ ತಿಂದಳು.

ಆ ವಾಸನೆಯ ಪದಾರ್ಥ ಮಾತ್ರ ನಮಗೆ ಹೊಸದು. ಅವರೂರಿನ ಒಂದು ಮರದ ಬೀಜವನ್ನು ಬೇಯಿಸಿ, ಹುದುಗು ಬರಿಸಿ, ಒಣಗಿಸಿದ ಕರಿ ಉಂಡೆಗಳು. ಬಾಟಲಿಯಲ್ಲಿ ತುಂಬಿಕೊಂಡು ತಂದಿದ್ದಳು. ಇರೂ ಎಂದು ಅದರ ಹೆಸರು. ಸಾರಿಗೆ ಒಂದು ಚೂರು ಹಾಕಿದರೆ ಸಾಕು, ಮೆಟ್ಟಿಲಿಳಿದು ಬೀದಿಯವರೆಗೆ ವಾಸನೆ ಬರುತ್ತಿತ್ತು. ಶಾರದಾ ಮೊದಲ ದಿನ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಮೂರನೆಯ ದಿನ ಅದು ಆಕೆಯ ಗಮನಕ್ಕೇ ಬರಲಿಲ್ಲ. ಓಣಿಯವರ ಮೂಗು ಮಾತ್ರ ಸುಮ್ಮನಾಗಲಿಲ್ಲ.

ನಮ್ಮ ಓಣಿಯಲ್ಲಿ ಆಗ ಯಾವ ಮಾತಿಗೂ ಕೊನೆಯ ಮಾತು ಶಿವಲಿಂಗಪ್ಪ ಮಾಸ್ತರದು. ನನ್ನ ಸ್ವಂತ ಕಾಕಾ. ನನ್ನ ಅಪ್ಪ ಸತ್ತಾಗ ನಾನು ನಾಲ್ಕನೆಯ ಇಯತ್ತೆ. ಅಲ್ಲಿಂದ ಮುಂದೆ ಅವರೇ ಸಾಕಿದರು, ಓದಿಸಿದರು. ಹೆಡ್‌ಮಾಸ್ತರಾಗಿ ನಿವೃತ್ತರಾಗಿ ನಮ್ಮ ಮನೆಯಿಂದ ಎರಡು ಮನೆ ಆಚೆ ಇದ್ದರು. ಎರಡು ಮನೆಗಳ ನಡುವಿನ ಗೋಡೆಯ ಜಗಳವಿರಲಿ, ಹುಡುಗಿಗೆ ನೋಡಿದ ವರನ ವಿಚಾರವಿರಲಿ, ಜನ ಅವರ ಕಟ್ಟೆಗೆ ಹೋಗುತ್ತಿದ್ದರು. "ಮಾಸ್ತರ ಹೇಳ್ಯಾರ" ಎಂದರೆ ಅದರ ಮೇಲೆ ಯಾರೂ ಪ್ರಶ್ನೆ ಎತ್ತುತ್ತಿರಲಿಲ್ಲ. ನಾನಂತೂ ಎತ್ತುವವನೇ ಅಲ್ಲ.

ಮೊದುಪೆ ಬಂದದ್ದು ಕಾಕಾನಿಗೆ ಸೇರಲಿಲ್ಲ. "ಮನಿ ನಿಂದು. ನಾ ಏನ ಹೇಳಲಿ" ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರು.

ಆಷಾಢದ ಒಂದು ಸಂಜೆ ಮಳೆ ಬಿಟ್ಟಾಗ ಮೂವರೂ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತ ಕೂತಿದ್ದೆವು. ಅಫಿಡವಿಟ್ಟಿನ ಸಾಲಿನ ಮಾತು ಮತ್ತೆ ಬಂತು. ಆಕೆಯ ಅಜ್ಜ ತಮ್ಮೂರಿನಲ್ಲಿ ಜನರ ತಕರಾರು ಕೇಳಲು ಕೂರುತ್ತಿದ್ದ ಹಿರಿಯರಂತೆ. ಯಾರೇ ಬಂದು ಏನೇ ಹೇಳಲಿ, ಅವರ ಮೊದಲ ಪ್ರಶ್ನೆ ಒಂದೇ: ನೋಡಿದೆಯೋ, ಕೇಳಿದೆಯೋ?

"ನಮ್ಮ ಭಾಷೆಯಲ್ಲಿ ಕಣ್ಣಿನಿಂದ ನೋಡಿ, ನೋಡಿದೆ ಅನ್ನುವ ಎಚ್ಚರದಿಂದ ತಿಳಿದದ್ದು ಮಾತ್ರ ಇಮೋ" ಎಂದಳು. "ಬೇರೆಯವರು ಹೇಳಿದ್ದನ್ನು ಕೇಳಿ ಒಪ್ಪಿಕೊಂಡದ್ದು ಇಗ್ಬಾಗ್ಬೋ. ಆ ಪದದ ಅರ್ಥವೇ ಅದು, ಕೇಳಿದ್ದನ್ನು ತೆಗೆದುಕೊಳ್ಳುವುದು. ಪುಸ್ತಕದಲ್ಲಿ ಓದಿದ್ದು, ಮಾಸ್ತರು ಕಲಿಸಿದ್ದು, ಎಲ್ಲವೂ ಅದರಲ್ಲೇ ಬರುತ್ತದೆ."

"ಹಂಗಾರ ನಮಗ ಗೊತ್ತಿರೋದು ಭಾಳ ಕಡಿಮಿ ಆತಲ್ಲವಾ" ಎಂದಳು ಶಾರದಾ.

"ಬಹಳ ಕಡಿಮೆ ವೈನಿ. ಅದಕ್ಕೇ ಹೇಳುವವನು ಎಂಥವನು ಅನ್ನುವುದು ದೊಡ್ಡ ಮಾತು. ಅವನ ನಡತೆಗೆ ಇವಾ ಅನ್ನುತ್ತೇವೆ. ಅವನ ಮಾತನ್ನು ನಾನು ಒಳಗೆ ಹೊಕ್ಕು ನೋಡಲು ಆಗುವುದಿಲ್ಲ. ಅವನು ಹೇಗೆ ಬದುಕುತ್ತಾನೆ ಅನ್ನುವುದನ್ನು ಮಾತ್ರ ನೋಡಬಹುದು. ಅಷ್ಟು ನೋಡಿ, ಆಮೇಲೆ ನಂಬಬೇಕು."

ನಾನು ಅಭಿಮಾನದಿಂದ ಕಾಕಾನ ಮಾತು ತೆಗೆದೆ. ನಮ್ಮಲ್ಲೂ ಅಂಥವರು ಇದ್ದಾರೆ, ಅವರು ಒಂದು ಮಾತು ಹೇಳಿದರೆ ಮತ್ತೆ ಯಾರೂ ಕೇಳುವುದಿಲ್ಲ ಎಂದೆ.

"ಯಾಕೆ ಕೇಳುವುದಿಲ್ಲ?" ಎಂದಳು ಆಕೆ. "ನಮ್ಮ ಅಜ್ಜನನ್ನೂ ಕೇಳುತ್ತಿದ್ದರು, ಅಪ್ಪಾ ನಿಮಗೆ ಇದು ಹೇಗೆ ಗೊತ್ತು ಅಂತ. ಕೇಳಿದರೆ ಅವರು ಸಿಟ್ಟಾಗುತ್ತಿರಲಿಲ್ಲ. ಸಿಟ್ಟಾಗದೇ ಇರುವುದೂ ಇವಾದಲ್ಲಿ ಸೇರಿದ್ದು."

ಅಷ್ಟರಲ್ಲಿ ಮಳೆ ಮತ್ತೆ ಶುರುವಾಯಿತು. ಎದ್ದು ಒಳಗೆ ಹೋದೆವು.

ನಾಗಪಂಚಮಿ ಮುಗಿದ ಮೇಲಿನ ಸೋಮವಾರ ಕಾಕಾನನ್ನು ಕರೆದುಕೊಂಡು ಸತ್ತೂರಿನ ಆಸ್ಪತ್ರೆಗೆ ಹೋದೆ. ಅವರ ಕಣ್ಣಿಗೆ ಪೊರೆ ಬಂದು ಬಹಳ ದಿನವಾಗಿತ್ತು. ಎದುರಿಗೆ ಬಂದವರನ್ನು ದನಿಯಿಂದ ಗುರುತಿಸುತ್ತಿದ್ದರು. ಅದನ್ನು ಯಾರಿಗೂ ತೋರಗೊಡುತ್ತಿರಲಿಲ್ಲ. "ಯಾರಿಗೂ ಹೇಳಬ್ಯಾಡ. ಮಾಸ್ತರಗ ಕಣ್ಣ ಕಾಣಂಗಿಲ್ಲ ಅಂತ ಓಣಿ ತುಂಬ ಆಗ್ತದ" ಎಂದಿದ್ದರು. ಹೀಗಾಗಿ ಶಾರದಾಳಿಗೂ ಕೋರ್ಟಿನ ಕೆಲಸ ಎಂದು ಸುಳ್ಳು ಹೇಳಿ, ಮುಂಜಾನೆ ಏಳಕ್ಕೇ ಅವರನ್ನು ಸ್ಕೂಟರಿನ ಮೇಲೆ ಕೂರಿಸಿಕೊಂಡು ಹೊರಟೆ. ಹತ್ತರ ಸುಮಾರಿಗೆ ಕಣ್ಣಿಗೆ ಔಷಧದ ಹನಿ ಹಾಕಿದರು. ಆಮೇಲೆ ಎರಡು ತಾಸು ಅವರು ನನ್ನ ತೋಳು ಬಿಡಲಿಲ್ಲ. ಮನೆ ಮುಟ್ಟಿದಾಗ ಮಧ್ಯಾಹ್ನ ಎರಡಾಗಿತ್ತು.

ಓಣಿಯಲ್ಲಿ ಗದ್ದಲವೆದ್ದಿತ್ತು. ಹತ್ತಿ ವ್ಯಾಪಾರಿ ಚನ್ನಬಸಣ್ಣನ ಬಿಳಿ ನಾಯಿ ಮೋತಿ ಮುಂಜಾನೆ ಹತ್ತರಿಂದ ಕಾಣುತ್ತಿರಲಿಲ್ಲ. ಅವರ ಮನೆಯವರು ಅತ್ತು ಅತ್ತು ಸುಸ್ತಾಗಿದ್ದರು. ಎರಡು ದಿನ ಹುಡುಕಿದರು. ಮೂರನೆಯ ದಿನ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಬರೆದರು: ಈ ಜನ ನಾಯಿ ತಿನ್ನುತ್ತಾರಂತೆ. ಇನ್ನೊಬ್ಬರು, ಸೋಮವಾರ ಆಕೆಯ ಖೋಲಿಯಿಂದ ಏನೋ ವಾಸನೆ ಬರುತ್ತಿತ್ತು ಎಂದರು. ಮತ್ತೊಬ್ಬರು, ವಾಸನೆ ನಮಗೂ ಬಂತು, ಹೆಣದ ವಾಸನೆ ಎಂದರು. ಸಂಜೆಯ ಹೊತ್ತಿಗೆ ಓಣಿಯ ಅರ್ಧ ಜನರಿಗೆ ಹೆಣದ ವಾಸನೆ ಬಂದಿತ್ತು. ನಾನು ಅದೆಲ್ಲವನ್ನೂ ಓದಿದೆ. ಅದು ಮರದ ಬೀಜ ಎಂದು ನನಗೆ ಗೊತ್ತಿತ್ತು. ಬರೆಯಲು ಬೆರಳೂ ಎತ್ತಿದ್ದೆ. ಆಮೇಲೆ ಫೋನು ಮಗುಚಿ ಇಟ್ಟೆ.

ಮಾರನೆಯ ಸಂಜೆ ಜನ ಕಾಕಾನ ಕಟ್ಟೆಯ ಮುಂದೆ ಸೇರಿದರು. ನಾನೂ ಇದ್ದೆ. ಚನ್ನಬಸಣ್ಣ ಕಣ್ಣೀರು ಒರೆಸಿಕೊಂಡು ಕೇಳಿದ:

"ಮಾಸ್ತರ, ನೀವು ಇಡೀ ದಿನ ಇಲ್ಲೇ ಕುಂತಿರ್ತೀರಿ. ನಿಮ್ಮ ಕಣ್ಣಿಗೆ ಏನರ ಬಿತ್ತೇನ್ರಿ?"

ಎಲ್ಲರೂ ಕಾಕಾನ ಬಾಯಿಯನ್ನೇ ನೋಡುತ್ತಿದ್ದರು. ನೋಡಿಲ್ಲ ಎನ್ನುವುದು ಎಷ್ಟು ಸುಲಭವಿತ್ತು. ಆದರೆ ನೋಡಿಲ್ಲ ಎಂದರೆ, ಯಾಕೆ ನೋಡಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು.

"ಹೇಳಬಾರದಂತ ಇದ್ದೆ" ಎಂದರು. "ಸೋಮವಾರ ಮುಂಜಾನೆ ಹತ್ತಕ್ಕ ಇಲ್ಲೇ ಕುಂತಿದ್ದೆ. ಆಕಿ ಮೋತೀನ ಎತ್ಕೊಂಡು ಮೆಟ್ಟಲಾ ಹತ್ತಿದ್ದು ನಾ ಕಣ್ಣಾರೆ ನೋಡೇನಿ."

ಕಾಕಾ ನನ್ನ ಕಡೆ ಮುಖ ತಿರುಗಿಸಿದರು. ನಾನು ಎಲ್ಲಿ ನಿಂತಿದ್ದೇನೆಂದು ಅವರಿಗೆ ಕಾಣುತ್ತಿರಲಿಲ್ಲ. ಆದರೂ ಸರಿಯಾಗಿ ನನ್ನತ್ತಲೇ ತಿರುಗಿದರು. ಆ ಕ್ಷಣ ಬಾಯಿ ತೆಗೆದಿದ್ದರೆ ಮುಂದಿನದು ಏನೂ ಆಗುತ್ತಿರಲಿಲ್ಲ. ನಾನು ತೆಗೆಯಲಿಲ್ಲ. ಸಾಕಿದ ಋಣ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಈಗ ಆ ಪದ ನೆನಪಾದರೂ ಅಸಹ್ಯವಾಗುತ್ತದೆ. ಅದು ಬರೀ ಅಂಜಿಕೆ.

ಐದು ಜನ ನಮ್ಮ ಮೆಟ್ಟಿಲು ಹತ್ತಿದರು. ನಾನೂ ಅವರ ಹಿಂದೆ ಹೋದೆ. ಮೊದುಪೆ ಹೊಲದಿಂದ ಆಗಷ್ಟೇ ಬಂದು ಕೆಸರಿನ ಬೂಟು ಬಿಚ್ಚುತ್ತಿದ್ದಳು. ಯಾರೂ ಆಕೆಯ ಅಪ್ಪಣೆ ಕೇಳಲಿಲ್ಲ. ಅಡುಗೆಯ ಪಾತ್ರೆಗಳ ಮುಚ್ಚಳ ತೆಗೆದರು, ಫ್ರಿಜ್ಜು ತೆರೆದರು, ಮಂಚದ ಕೆಳಗೆ ಬಗ್ಗಿ ನೋಡಿದರು. ಒಬ್ಬ ಆಕೆಯ ಒಗೆಯದ ಬಟ್ಟೆಯ ಬುಟ್ಟಿಯಲ್ಲೂ ಕೈ ಹಾಕಿದ. ಆ ಕೈ ನನಗೆ ಇಂದಿಗೂ ಕಾಣುತ್ತದೆ. ಬೆರಳಿಗೆ ರುದ್ರಾಕ್ಷಿಯ ಉಂಗುರವಿತ್ತು. ಚನ್ನಬಸಣ್ಣನಿಗೆ ಇರೂ ಬಾಟಲಿ ಸಿಕ್ಕಿತು. ಮುಚ್ಚಳ ತೆಗೆದು ಮೂಸಿ, ಓಕರಿಸಿ, ಕಿಟಕಿಯಿಂದ ಗಟಾರಕ್ಕೆ ಒಗೆದ.

"ಅದು ಬೀಜ" ಎಂದಳು ಮೊದುಪೆ. "ಮರದ ಬೀಜ. ಅಣ್ಣಾ, ನೀವು ಹೇಳಿ ಇವರಿಗೆ."

ಎಲ್ಲರೂ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

"ನಾಯಿ ಎಲ್ಲೈತಿ ಹೇಳ್" ಎಂದ ಚನ್ನಬಸಣ್ಣ.

"ನನಗೆ ಗೊತ್ತಿಲ್ಲ. ನಾನು ತೆಗೆದುಕೊಂಡು ಬಂದದ್ದನ್ನು ಯಾರು ನೋಡಿದರು?" ಎಂದವಳು ನನ್ನತ್ತ ತಿರುಗಿದಳು. "ಅಣ್ಣಾ, ನೀವು ನೋಡಿದಿರಾ?"

"ಮಾಸ್ತರ ನೋಡ್ಯಾರ" ಎಂದೆ.

ನನ್ನ ಬಾಯಿಂದಲೇ ಬಂದ ಮಾತು ಅದು. ಮಾಸ್ತರ ಹೇಳ್ಯಾರ ಎಂದಿದ್ದರೂ ಸತ್ಯಕ್ಕೆ ಒಂದು ಎಳೆಯಷ್ಟು ಜೀವ ಉಳಿಯುತ್ತಿತ್ತು. ನಾನು ನೋಡ್ಯಾರ ಎಂದೆ.

ಆಕೆ ಇಳಿದು ಹೋಗಿ ಕಾಕಾನ ಮುಂದೆ ನಿಂತಳು. ಕೈ ಜೋಡಿಸಿ, ತನ್ನ ಪುಸ್ತಕದ ಕನ್ನಡದಲ್ಲಿ ಮೆಲ್ಲಗೆ ಕೇಳಿದಳು: "ಅಜ್ಜಾ, ನೀವು ದೊಡ್ಡವರು. ನಿಮಗೆ ಇದು ಹೇಗೆ ಗೊತ್ತಾಯಿತು? ನಾನು ಯಾವ ಬಟ್ಟೆ ಹಾಕಿದ್ದೆ?"

"ನನ್ನ ಕೇಳಾಕ ನೀ ಯಾರ?" ಕಾಕಾ ಎದ್ದು ನಿಂತರು. "ನಲವತ್ತ ವರ್ಷ ಸಾಲಿ ಕಲಿಸೇನಿ. ಈ ಓಣ್ಯಾಗ ಇವತ್ತಿನ ತನಕ ಯಾರೂ ನನ್ನ ಹಿಂಗ ಕೇಳಿಲ್ಲ!"

ಜನ ಆಕೆಯ ಮೇಲೆ ಕೂಗಾಡಿದರು. ಹಿರಿಯರಿಗೆ ಎದುರು ಮಾತಾಡಿದಳು ಎಂಬುದು ನಾಯಿಗಿಂತ ದೊಡ್ಡ ಅಪರಾಧವಾಯಿತು.

ಮರುದಿನ ಪೊಲೀಸರಿಗೊಂದು, ಆಕೆ ಓದುತ್ತಿದ್ದ ವಿಭಾಗದ ಮುಖ್ಯಸ್ಥರಿಗೊಂದು ಮನವಿ ತಯಾರಾಯಿತು. ಅರ್ಜಿ ಎಂದರೆ ನನ್ನ ಅಂಗಡಿಯೇ ಅಲ್ಲವೇ. ಚನ್ನಬಸಣ್ಣ ಪಕ್ಕದಲ್ಲಿ ಕೂತು ಹೇಳುತ್ತ ಹೋದ, ನಾನು ಬೆರಳಾಡಿಸುತ್ತ ಹೋದೆ. ‘ಓಣಿಯ ಹಿರಿಯರೂ ಸತ್ಯಸಂಧರೂ ಆದ ಶ್ರೀ ಶಿವಲಿಂಗಪ್ಪ ಮಾಸ್ತರರು ಪ್ರತ್ಯಕ್ಷ ಕಂಡಿದ್ದು’ ಎಂಬ ಸಾಲಿನಲ್ಲಿ ಒತ್ತಕ್ಷರ ತಪ್ಪಿತ್ತು. ತಿದ್ದಿದೆ. ಅಚ್ಚಾದ ಮೇಲೆ ಹದಿನಾಲ್ಕನೆಯ ಸಹಿ ನನ್ನದು. ಮನೆಗೆ ತಂದು ಶಾರದಾಳ ಮುಂದೆ ಇಟ್ಟೆ.

"ನಾ ನೋಡಿಲ್ಲ. ನಾ ಹೆಂಗ ಸಹಿ ಮಾಡ್ಲಿ?" ಎಂದಳು.

"ಕಾಕಾ ನೋಡ್ಯಾರಲ್ಲ."

"ಹಂಗಾರ ಅವರ ಮಾಡ್ಲಿ. ನಂದ್ಯಾಕ?" ಎಂದು ಕಾಗದ ಮುಟ್ಟದೆ ಒಳಗೆ ಹೋದಳು. ನನ್ನ ಹೆಂಡತಿ ಓದಿದ್ದು ಏಳನೆಯ ಇಯತ್ತೆ. ಓಣಿಯಲ್ಲಿ ಸಹಿ ಮಾಡಲು ಒಲ್ಲೆ ಎಂದದ್ದು ಆಕೆ ಒಬ್ಬಳೇ.

ಮೊದುಪೆ ಮಹಿಳಾ ಹಾಸ್ಟೆಲಿಗೆ ಹೋದಳು. ಸೂಟ್‌ಕೇಸು ಇಳಿಸಲು ನಾನು ಮೇಲೆ ಹೋದರೆ, "ಬೇಡ" ಎಂದು ಒಂದೊಂದಾಗಿ ತಾನೇ ಇಳಿಸಿದಳು. ಶಾರದಾ ರಿಕ್ಷಾದವರೆಗೆ ಹೋಗಿ ಬಂದಳು. ಮಾರನೆಯ ಮುಂಜಾನೆ ನಮ್ಮ ಓಣಿಯ ಹೆಂಗಸರಿಬ್ಬರು ಬಂದು ನಮ್ಮ ಮೆಟ್ಟಿಲ ಮೇಲೆ ಗೋಮೂತ್ರ ಚಿಮುಕಿಸಿ ಹೋದರು. ಇಬ್ಬರೂ ಪಂಚಮಿಯಂದು ಆಕೆ ಕೊಟ್ಟ ವಡೆ ತಿಂದು ಕೈ ನೆಕ್ಕಿದವರು.

ವಿಭಾಗದ ವಿಚಾರಣೆ ಮುಗಿಯುವವರೆಗೆ ಆಕೆ ಹೊಲದ ಕಡೆ ಹೋಗದಂತೆ ಆಯಿತು. ಅದು ಹೂ ಬಿಡುವ ಹೊತ್ತು ಎಂದು ಶಾರದಾ ಹೇಳಿದಳು. ಯಾವ ಸಾಲಿನಲ್ಲಿ ಯಾವ ದಿನ ಹೂ ಬಂತು, ಎಷ್ಟು ಕಾಯಿ ಕಟ್ಟಿತು ಎಂದು ದಿನಾ ಬರೆದುಕೊಳ್ಳಬೇಕಂತೆ. ಒಂದು ವಾರ ತಪ್ಪಿದರೆ ಇಡೀ ಹಂಗಾಮು ಹೋದಂತೆ. ಇದನ್ನು ಹೇಳುವಾಗ ಶಾರದಾ ನನ್ನ ಮುಖ ನೋಡುತ್ತಿರಲಿಲ್ಲ. ನಾನು ಅನ್ನ ಕಲಸುತ್ತ ಕೂತೆ. ಆ ದಿನಗಳಲ್ಲಿ ನನಗೆ ಊಟ ಚೆನ್ನಾಗಿಯೇ ಸೇರುತ್ತಿತ್ತು, ನಿದ್ದೆಯೂ ಬರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಿಗೆ ಹೇಸಿಗೆ ಬರುವುದು ಈ ಮಾತಿಗೆ.

ಮೂರು ವಾರದ ಮೇಲೆ ಒಂದು ಕರಾರು ಪತ್ರಕ್ಕೆ ಸಹಿ ಮಾಡಿಸಲು ಲಕಮನಹಳ್ಳಿಯ ಒಂದು ಸಣ್ಣ ಕಾರಖಾನೆಗೆ ಹೋದೆ. ಗೇಟಿನ ಕಾವಲುಗಾರನ ಕುರ್ಚಿಯ ಕೆಳಗೆ ಒಂದು ನಾಯಿ ಮಲಗಿತ್ತು. ಕೂದಲು ಗಂಟುಗಟ್ಟಿ ಕೆಸರಿನ ಬಣ್ಣವಾಗಿತ್ತು. ಆದರೂ ಗುರುತು ಹತ್ತಿತು. "ಮೋತಿ" ಎಂದೆ. ಬಾಲ ಅಲ್ಲಾಡಿಸಿ ಎದ್ದು ಬಂತು.

"ಇದು ನಿಮ್ಮದೇನ್ರಿ?" ಎಂದ ಕಾವಲುಗಾರ. "ಪಂಚಮಿ ಆದ ಸೋಮವಾರ ಹತ್ತಿ ತುಂಬಿದ ಟೆಂಪೋ ಒಂದು ಇಲ್ಲಿ ನಿಂತಿತ್ರಿ, ಡ್ರೈವರ ಚಹಾ ಕುಡ್ಯಾಕ. ಹಿಂದಿನ ಹತ್ತಿ ಅಂಡಿಗಿ ಮ್ಯಾಲಿಂದ ಇದು ಜಿಗೀತು. ನಾ ಕೂಗೂದ್ರಾಗ ಟೆಂಪೋ ಹೋತು. ನೋಡಿದೆ, ಯಾರೂ ಬರಲಿಲ್ಲ. ಅನ್ನ ಹಾಕ್ಕೋತ ಬಂದೆ."

ಟೆಂಪೋ ಮೇಲೆ ಬರೆದಿದ್ದ ಹೆಸರು ಕೇಳಿದೆ. ಅವನು ಹೇಳಿದ. ಅದು ಚನ್ನಬಸಣ್ಣನ ಟೆಂಪೋನೇ.

ನಾನೇ ಫೋನು ಮಾಡಿದೆ. ಅರ್ಧ ತಾಸಿನಲ್ಲಿ ಚನ್ನಬಸಣ್ಣ ಕಾರಿನಲ್ಲಿ ಬಂದು ನಾಯಿಯನ್ನು ಎದೆಗವಚಿಕೊಂಡ. ಸಂಜೆ ಓಣಿಯಲ್ಲಿ ಪೇಢೆ ಹಂಚಿದರು. ಮೋತಿಗೆ ಸ್ನಾನ ಮಾಡಿಸಿ, ಕುಂಕುಮ ಹಚ್ಚಿ, ಫೋಟೋ ತೆಗೆದು ಗುಂಪಿಗೆ ಹಾಕಿದರು. ಅದರ ಕೆಳಗೆ ಕೈಮುಗಿದ ಚಿತ್ರಗಳ ಮಾಲೆ. ಒಬ್ಬರೂ, ಒಂದೇ ಒಂದು ಸಾಲಿನಲ್ಲೂ, ಮೊದುಪೆಯ ಹೆಸರು ತೆಗೆಯಲಿಲ್ಲ. ಕಡೆಗೆ ಒಬ್ಬಾಕೆ ಬರೆದಳು: ನಾವು ಅರ್ಜಿ ಕೊಟ್ಟೆವು ಅಂತಲೇ ಆಕೆ ಅಂಜಿ ನಾಯಿಯನ್ನು ಬಿಟ್ಟಿರಬೇಕು. ಅದಕ್ಕೂ ಹನ್ನೊಂದು ಜನ ಹೌದು ಎಂದು ಹೆಬ್ಬೆರಳು ಎತ್ತಿದರು.

ಜನ ಪೇಢೆ ತಿನ್ನುತ್ತ ಕಾಕಾನ ಕಟ್ಟೆಯ ಮುಂದೆ ನಿಂತಿದ್ದರು. ಕಾಕಾ ಹೇಳುತ್ತಿದ್ದರು: "ನಾ ನೋಡಿದ್ದು ಬ್ಯಾರೆ ಬಿಳಿ ನಾಯಿ ಇದ್ದೀತು. ಆದರ ನೋಡಿದ್ದಂತೂ ಖರೇ."

ನನ್ನ ಕೈಯಲ್ಲೂ ಒಂದು ಪೇಢೆ ಇತ್ತು. ಅದು ಬೆರಳಿಗೆ ಅಂಟಿ ಕರಗುತ್ತಿತ್ತು.

"ಕಾಕಾ, ಸೋಮವಾರ ಹತ್ತಕ್ಕ ನೀವು ಸತ್ತೂರಾಗ ಇದ್ರಿ" ಎಂದೆ. "ಕಣ್ಣಿಗೆ ಹನಿ ಹಾಕಿದ್ರು. ನನ್ನ ತೋಳ ಹಿಡಕೊಂಡು ಕುಂತಿದ್ರಿ. ಇಲ್ಲೆ ಕಟ್ಟಿ ಮ್ಯಾಲೆ ಇರಲಿಲ್ಲ. ಇದ್ದಿದ್ರೂ ನಿಮಗ ಕಾಣ್ತಿರಲಿಲ್ಲ."

ಎಲ್ಲರೂ ತಿನ್ನುವುದನ್ನು ನಿಲ್ಲಿಸಿದರು. ಕಾಕಾನ ಮುಖ ಬಿಳಿಚಿತು. ಅವರು ಏನೂ ಹೇಳಬೇಕಾಗಲಿಲ್ಲ. ಚನ್ನಬಸಣ್ಣನೇ ಮುಂದೆ ಬಂದ.

"ಈರಣ್ಣಾ, ಅರ್ಜಿ ಟೈಪ್ ಮಾಡಿದವ ನೀನ. ಸಹಿ ಮಾಡಿದವ ನೀನ. ಆವಾಗ ಹೇಳಿದ್ದು ಸುಳ್ಳೋ, ಈಗ ಹೇಳೂದು ಸುಳ್ಳೋ?"

"ಆವಾಗಿಂದು ಸುಳ್ಳು" ಎಂದೆ.

"ಹಂಗಾರ ನೀ ಸುಳ್ಳ ಹೇಳಾವ ಅಂತ ನೀನ ಒಪ್ಪಿದಿ. ಸುಳ್ಳ ಹೇಳಾವನ ಮಾತು ನಾವ್ಯಾಕ ನಂಬೂಣು?" ಎಂದ. ಯಾರೋ ಕಿಸಕ್ಕನೆ ನಕ್ಕರು. ಇನ್ನೊಬ್ಬರು, ಸಾಕಿ ಬೆಳೆಸಿದವರಿಗೆ ಹೀಗೆ ಅನ್ನಲು ನಾಲಿಗೆಯಾದರೂ ಹೇಗೆ ಬಂತು ಎಂದರು. ಕಾಕಾ ಕಣ್ಣು ಒರೆಸಿಕೊಂಡರು. ಅವರನ್ನು ಇಬ್ಬರು ಹಿಡಿದು ಒಳಗೆ ಕರೆದುಕೊಂಡು ಹೋದರು. ಜನ ಮತ್ತೆ ಪೇಢೆ ತಿನ್ನತೊಡಗಿದರು.

ಮನೆಗೆ ಬಂದರೆ ಶಾರದಾ ಬಾಗಿಲಲ್ಲೇ ನಿಂತಿದ್ದಳು. ಎಲ್ಲವೂ ಕೇಳಿಸಿತ್ತು.

"ಅವತ್ತ ನನಗೂ ಕೋರ್ಟ್ ಅಂತ ಹೇಳಿ ಹೋಗಿದ್ರಿ" ಎಂದಳು. ಆಮೇಲೆ ಆ ವಾರವೆಲ್ಲ ನನ್ನೊಂದಿಗೆ ಮಾತಾಡಲಿಲ್ಲ.

ನಾಯಿ ಸಿಕ್ಕಿದ್ದರಿಂದ ವಿಚಾರಣೆ ತಾನಾಗಿಯೇ ನಿಂತುಹೋಯಿತು. ಆರೋಪ ಸುಳ್ಳಾಗಿತ್ತು ಎಂದು ಯಾರೂ ಎಲ್ಲೂ ಬರೆಯಲಿಲ್ಲ. ದೂರುದಾರರಿಗೆ ಇನ್ನು ತಕರಾರಿಲ್ಲ ಎಂದು ಮಾತ್ರ ಬರೆದರು. ದೂರುದಾರರಿಗೆ! ಕಡತದಲ್ಲಿ ಕಾಕಾನ ಪ್ರತ್ಯಕ್ಷ ಸಾಕ್ಷಿ ಹಾಗೆಯೇ ಉಳಿಯಿತು. ಮುಂದೆ ಯಾರಾದರೂ ಆಕೆಯ ಹೆಸರು ತೆಗೆದು ನೋಡಿದರೆ ಅದೇ ಸಿಗುವುದು.

ಭಾದ್ರಪದದ ಒಂದು ಮುಂಜಾನೆ ಆಕೆಯನ್ನು ಹುಡುಕಿಕೊಂಡು ಹೊಲಕ್ಕೆ ಹೋದೆ. ಮಳೆ ಇರಲಿಲ್ಲ, ಕರಿ ಮಣ್ಣು ಕಾಲಿಗೆ ಮೆತ್ತುತ್ತಿತ್ತು. ಮೊದುಪೆ ಸಾಲಿನ ಕೊನೆಗೆ ನೆಟ್ಟಿದ್ದ ನಂಬರಿನ ಗೂಟಗಳನ್ನು ಒಂದೊಂದಾಗಿ ಕೀಳುತ್ತಿದ್ದಳು. ಅಲಸಂದಿ ಕಾಯಿ ಒಣಗಿ ಸಿಡಿದು, ಕಾಳು ನೆಲಕ್ಕೆ ಚೆಲ್ಲಿತ್ತು. ಬರೆದುಕೊಳ್ಳಲು ಏನೂ ಉಳಿದಿರಲಿಲ್ಲ. ಇನ್ನೊಂದು ವರ್ಷ ಮೊದಲಿನಿಂದ ಬಿತ್ತಬೇಕಿತ್ತು.

ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಸತ್ತೂರು, ಕಣ್ಣಿನ ಹನಿ, ಶಾರದಾಳಿಗೆ ಹೇಳಿದ ಸುಳ್ಳು, ಕಟ್ಟೆಯ ಮೇಲೆ ಕಾಕಾ ನನ್ನತ್ತ ತಿರುಗಿದ್ದು. ಆಕೆ ಗೂಟ ಕೀಳುವುದನ್ನು ನಿಲ್ಲಿಸದೆ ಕೇಳಿದಳು.

"ಅಂದರೆ ಅರ್ಜಿ ಟೈಪ್ ಮಾಡುವಾಗ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ನಾನು ಕೇಳಿದೆ, ನೀವು ನೋಡಿದಿರಾ ಅಂತ. ಆಗಲೂ ಗೊತ್ತಿತ್ತು."

"ಹೌದ್ರಿ."

ಆಕೆ ನೆಟ್ಟಗೆ ನಿಂತು ಬೆನ್ನು ಸವರಿಕೊಂಡಳು. "ನಿಮ್ಮ ಕಾಕಾ ನೋಡದೆ ನೋಡಿದೆ ಅಂದರು. ಅವರಿಗೆ ಮಾನದ ಭಯ. ಅದು ನನಗೆ ಅರ್ಥ ಆಗುತ್ತದೆ. ನಿಮಗೆ ಏನು ಇತ್ತು ಅಂತ ಯೋಚಿಸುತ್ತಿದ್ದೇನೆ. ಅವತ್ತು ನನ್ನ ಕೋಣೆಗೆ ಬಂದವರಲ್ಲಿ ನಿಜವಾಗಿ ತಿಳಿದವರು ನೀವು ಒಬ್ಬರೇ ಇದ್ದಿರಿ."

ನಾನು ಜೇಬಿನಿಂದ ಮಡಚಿದ ಹಾಳೆ ತೆಗೆದು ಕೊಟ್ಟೆ. ಹಿಂದಿನ ದಿನ ನಾನೇ ಬೆರಳಚ್ಚು ಮಾಡಿ, ಸಹಿ ಮಾಡಿಟ್ಟಿದ್ದ ಹೇಳಿಕೆ. ವಿಭಾಗದ ಮುಖ್ಯಸ್ಥರಿಗೆ ಕೊಟ್ಟು ಕಡತಕ್ಕೆ ಸೇರಿಸಿ ಎಂದೆ. ಅವರು ಒಪ್ಪುತ್ತಾರೋ ಇಲ್ಲವೋ, ಇದೂ ಅಲ್ಲಿರಲಿ ಎಂದೆ.

ಆಕೆ ಕೈಯ ಮಣ್ಣು ಒರೆಸಿಕೊಂಡು ಪೂರ್ತಿ ಓದಿದಳು. ಎರಡು ಸಲ ಓದಿದಳು. ಹಾಳೆಯನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡು, "ಸತ್ತೂರಿನಲ್ಲಿ ಯಾವ ವಿಭಾಗ? ಎಷ್ಟನೇ ಅಂತಸ್ತು?" ಎಂದು ಕೇಳಿದಳು.

"ಯಾಕ್ರಿ?"

"ಹೋಗಿ ಕೇಳಬೇಕು. ಆ ದಿನ ಅವರು ಬಂದಿದ್ದರಾ ಅಂತ."

"ನಾ ಬರೆದು ಕೊಟ್ಟೀನಲ್ರಿ."

"ಬರೆದು ಕೊಟ್ಟಿದ್ದೀರಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿರುತ್ತಿತ್ತು. "ಅರ್ಜಿಯನ್ನೂ ನೀವೇ ಬರೆದು ಕೊಟ್ಟಿದ್ದಿರಿ."

ಸ್ಕೂಟರಿನ ಮೇಲೆ ಕರೆದುಕೊಂಡು ಹೋಗುತ್ತೇನೆ, ನನಗೆ ಆ ಡಾಕ್ಟರರ ಗುರುತಿದೆ ಎಂದೆ. ಬೇಡ ಎಂದು ತಲೆ ಅಲ್ಲಾಡಿಸಿದಳು. ಬೂಟಿನ ಕೆಸರು ಕೆರೆದುಕೊಂಡು, ಚೀಲ ಹೆಗಲಿಗೇರಿಸಿ, ಹೊಲದ ಬದುವಿನ ಮೇಲೆ ಹಾಯ್ದು ರಸ್ತೆಗೆ ಹೋದಳು. ನಾನು ದೂರದಲ್ಲಿ ಹಿಂದೆ ಹಿಂದೆ ನಡೆದೆ. ಸತ್ತೂರಿನ ಮೇಲಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ಬಸ್ಸು ಬಂತು. ನನ್ನ ಮಾತು ಖರೇ ಹೌದೋ ಅಲ್ಲವೋ ನೋಡಿಕೊಂಡು ಬರಲು ಆಕೆ ಅದನ್ನು ಹತ್ತಿದಳು.